ಮುಂದಿನ ಕ್ಯಾರಿಯರ್

ಹತ್ತರಗಿ ದಾಟಿ ದಡ್ಡಿ ಎಂಬ ಊರಿನ ದಾರಿ ಹಿಡಿದಾಗ ಬೇವಿನ ಮರದ ಕೆಳಗೆ ಕುರಿಗಾರರ ತಂಡವೊಂದು ಹೊರಡುವ ತಯಾರಿಯಲ್ಲಿತ್ತು. ಕುದುರೆಯ ಮೇಲೆ ಹೇರು ಬಿಗಿಯುತ್ತಿದ್ದ ಮಾಯವ್ವ ಎಂಬಾಕೆ ನನ್ನ ಸೈಕಲ್ಲನ್ನು ಒಂದು ಸುತ್ತು ಬಂದು ನೋಡಿದಳು. ದೂರದ ಪ್ರಯಾಣಕ್ಕೆಂದೇ ಹೇಳಿ ಮಾಡಿಸಿದ ಸೈಕಲ್ಲದು. ಉಕ್ಕಿನ ಚೌಕಟ್ಟು, ದಪ್ಪ ಟೈರು, ಏರು ಹತ್ತಿಸುವ ಗೇರು, ಒಂದೊಂದನ್ನೂ ತಿಂಗಳುಗಟ್ಟಲೆ ಯೋಚಿಸಿ ಆರಿಸಿದ್ದೆ. ಅನುಮಾನವಿದ್ದದ್ದು ಮುಂದಿನ ಕ್ಯಾರಿಯರ್ ಬಗ್ಗೆ ಮಾತ್ರ. ಸಾಮಾನೆಲ್ಲ ಹಿಂದೆಯೇ ಹಿಡಿಸಿದ್ದರಿಂದ ಅದು ಗೋಕಾಕದಿಂದ ಖಾಲಿಯೇ ಬಂದಿತ್ತು.

"ಇದರ ಮ್ಯಾಲ ಏನ್ ಇಡತೀರಿ?" ಎಂದು ಕೇಳಿದಳು.

"ಏನೂ ಇಲ್ಲಕ್ಕಾ. ಬಿಚ್ಚಿಬಿಡೋಣ ಅಂತಿದೀನಿ."

"ಬಿಚ್ಚಬ್ಯಾಡ್ರಿ. ನಾವೂ ಕುದ್ರಿ ಮ್ಯಾಲ ಒಂದ್ ಜಾಗಾ ಖಾಲಿ ಬಿಡತೇವಿ. ಹಾದ್ಯಾಗ ಹುಟ್ಟೋ ಮರಿಗಂತ."

ನೋಡಿದರೆ ಆ ಜಾಗದಲ್ಲಿ ಆಗಲೇ ಎರಡು ಮರಿಗಳು ಚೀಲದಿಂದ ತಲೆ ಹೊರಹಾಕಿದ್ದವು. ಬೆಳಿಗ್ಗೆ ಹುಟ್ಟಿದ ಮೂರನೆಯದನ್ನು ಮಾಯವ್ವ ಮರದ ಬುಡದಿಂದ ಎತ್ತಿ ತಂದಳು. ಅದಕ್ಕಿನ್ನೂ ಕಾಲು ನಿಲ್ಲುತ್ತಿರಲಿಲ್ಲ.

"ದಡ್ಡಿ ಮಟಾ ಒಯ್ಯತೀರೇನ್ರಿ?"

ಉತ್ತರಕ್ಕೆ ಕಾಯದೆ ಕ್ಯಾರಿಯರ್ ಮೇಲೆ ಕಂಬಳಿಯ ತುಂಡು ಹಾಸಿ, ಮರಿಯನ್ನು ಕೂರಿಸಿ, ಹಳೆಯ ಸೀರೆಯ ಅಂಚಿನಿಂದ ಕಟ್ಟಿದಳು.

ನಾನು ಸೈಕಲ್ ಹತ್ತಿ ನಾಲ್ಕು ಮಾರು ಹೋಗಿದ್ದೆನೋ ಇಲ್ಲವೋ, ತಾಯಿಕುರಿ ಅರಚುತ್ತ ಹಿಂದೆಯೇ ಓಡಿಬಂತು. ಅದಕ್ಕಾಗಿ ವೇಗ ಇಳಿಸಿದರೆ ಸೈಕಲ್ಲು ಓಲಾಡಿತು. ಅಷ್ಟೆಲ್ಲ ಯೋಚಿಸಿ ಆರಿಸಿದ ಗೇರುಗಳಲ್ಲಿ ಕುರಿಯ ನಡಿಗೆಗೆ ಹೊಂದುವಂಥದ್ದು ಒಂದೂ ಇರಲಿಲ್ಲ. ಇಳಿದು ತಳ್ಳತೊಡಗಿದೆ. ತಾಯಿ ಮುಂದಿನ ಗಾಲಿಗೆ ಒತ್ತಿಕೊಂಡೇ ನಡೆಯಿತು.