ಒಡಪಿಲ್ಲದ ಹೆಸರು

ಘೋಣಸಗಿಯಿಂದ ಟಿಕೋಟಾ ಹೈಸ್ಕೂಲಿಗೆ ಹೋಗೋ ನಮ್ಮ ಹುಡುಗ್ಯಾರಿಗೆ ಸಂಜಿ ಬಸ್ಸು ನಿಂತು ತಿಂಗಳಾಗಿತ್ತು. ಸಾಲಿ ಬಿಟ್ಟ ಮ್ಯಾಲೆ ಸಿಕ್ಕ ಟಂಟಂ ಹತ್ತಿ ಬರಬೇಕು, ಇಲ್ಲಾಂದ್ರ ಸ್ಟ್ಯಾಂಡಿನ್ಯಾಗ ಕಾಯಬೇಕು. ಒಂದು ಬುಧವಾರ ನನ್ನ ಮಗಳು ಹೊತ್ತು ಮುಳುಗಿದ ಮ್ಯಾಲೆ ಮನಿಗೆ ಬಂದ್ಲು. ನಮ್ಮ ಮನಿಯವರು, "ಬರೂ ಸೋಮವಾರದಿಂದ ಸಾಲಿ ಸಾಕು" ಅಂದುಬಿಟ್ರು. ಒಂಬತ್ತನೇ ಇಯತ್ತೆ ಓದೋ ಹುಡುಗಿ ಊಟಾ ಬಿಟ್ಟು ಮಲಗಿದ್ಲು. ನಾ ಒದರಾಡಿ ಹೇಳಿದೆ, ಅಳಕೋತ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಆ ಶನಿವಾರ ವಿಜಯಪುರದಾಗ ಬಸ್ಸಿನ ಸಾಹೇಬರು ಮಂದಿ ಅಹವಾಲು ಕೇಳೋರಿದ್ರು. ನನ್ನ ದನಿ ದೊಡ್ಡದಂತ ಊರ ಹೆಣ್ಮಕ್ಕಳು ನನ್ನ ಮುಂದ ಮಾಡಿದ್ರು. ಊರ ಸಾಲಿ ಮಾಸ್ತರ್ರು ಎರಡು ದಿನ ಭಾಷಣಾ ಮಾಡೋದು ಕಲಿಸಿದ್ರು: ಹೊಟ್ಟಿಯಿಂದ ಉಸಿರು ತಗೋರಿ, ಕಡೀ ಸಾಲಿನವರನ್ನ ನೋಡ್ರಿ, ಮುಖ್ಯ ಮಾತು ಆಡಿದ ಮ್ಯಾಲೆ ಒಂದು ಗಳಿಗಿ ಸುಮ್ಮನ ನಿಂದರ್ರಿ, ಮಾತು ಮಂದಿ ಮನಸಿನ್ಯಾಗ ಇಳೀತೈತಿ. ನಾ ರೊಟ್ಟಿ ಬಡಕೋತ ರೂಢಿ ಮಾಡಿದೆ. ಒಬ್ಬಾಕಿನ್ನ ಕಳಸೋದು ಬ್ಯಾಡಂತ ಮನಿಯವರೂ ನನ್ನ ಸಂಗಾಟ ಬಂದ್ರು, ಹಿಂದಿನ ಸಾಲಿನ್ಯಾಗ ಕುಂತ್ರು.

ನನ್ನ ಪಾಳಿ ಬಂತು. ಮಾಸ್ತರ್ರು ಬರಕೊಟ್ಟಂಗ, "ನಮ್ಮ ಗ್ರಾಮದ ವಿದ್ಯಾರ್ಥಿನಿಯರಿಗೆ ಸಂಜೆಯ ಬಸ್ಸಿಲ್ಲದೆ ತೊಂದರೆಯಾಗಿದೆ" ಅಂತ ಮೈಕಿನ್ಯಾಗ ಹೇಳಿ ಸುಮ್ಮನ ನಿಂತೆ. ಮನಸಿನ್ಯಾಗ ಮೂರು ಎಣಿಸಬೇಕಿತ್ತು. ಎರಡಕ್ಕ ಸಾಹೇಬರು, "ಆಯ್ತಮ್ಮಾ, ಅರ್ಜಿ ಕೊಟ್ಟು ಹೋಗಿ" ಅಂದ್ರು. ಕ್ಲರ್ಕು ಮೈಕ್ ಎಳಕೊಂಡು ಮುಂದಿನವರನ್ನ ಕೂಗಿದ. ನಾಕು ಮಂದಿ ಚಪ್ಪಾಳಿ ಬ್ಯಾರೆ ಹೊಡದ್ರು. ನನ್ನ ಮೈಯೆಲ್ಲಾ ಉರದುಹೋತು. ಮಾಸ್ತರ್ರು ಹೇಳಿದ್ದು ಭಾಷಣದ ಮಾತು. ನಮ್ಮ ಕಡೆ ಮಾತು ನಿಂತ್ರ ಮುಗೀತು ಅಂತನ ತಿಳೀತಾರ.

"ಇನ್ನಾ ಮುಗದಿಲ್ರೀ" ಅಂದೆ, ಮೈಕಿಲ್ಲದ. ಹೊಲದ ಆ ಬದುವಿನಿಂದ ಈ ಬದುವಿಗೆ ಕರಿಯೋ ದನಿ. ಹೊರಗ ಚಾ ಕುಡಿಯೋರೂ ಬಾಗಲಿಗೆ ಬಂದು ನಿಂತ್ರು. ಆವಾಗ ದನಿ ಇಳಿಸಿದೆ. "ಬಸ್ಸಿಲ್ಲಂತ ನನ್ನ ಮಗಳ ಸಾಲಿ ಸೋಮವಾರ ಬಿಡಸಾಕತ್ತಾರ್ರಿ. ಇವತ್ತ ಶನಿವಾರ ಐತ್ರಿ."

ಸಾಹೇಬರು ತಲಿ ಎತ್ತಿದ್ರು. "ಯಾರು ಬಿಡಿಸ್ತಿರೋದು?"

"ನಮ್ಮ ಮನಿಯವರ್ರಿ."

"ಹೆಸರು ಹೇಳಿ."

ಹದಿನೇಳು ವರ್ಷದ ಸಂಸಾರದಾಗ ಆ ಹೆಸರು ನಾ ತಗೊಂಡಿದ್ದು ಮದಿವಿ ದಿನ ಒಂದ ಸಲ, ಅದೂ ಒಡಪಿನ್ಯಾಗ. ಹೂವು ಹಣ್ಣು ಅಂತ ಪ್ರಾಸ ಕಟ್ಟಿ, ಕಡೀಕ ಗಂಡನ ಹೆಸರು ಅರ್ಧ ನುಂಗಿ, ಸೆರಗು ಬಾಯಿಗೆ ಹಿಡಕೊಂಡು ನಗೋದು. ರೇಶನ್ ಅಂಗಡ್ಯಾಗ ಕೇಳಿದ್ರೂ ಬಾಜೂಕ ನಿಂತಾಕಿ ಹೇಳತಾಳ, ನಾವು ಹೇಳೂದಿಲ್ಲ. ಅವತ್ತ ಬಾಜೂಕ ಯಾರೂ ಇರಲಿಲ್ಲ. ಮನಿಯವರು ತಲಿ ಕೆಳಗ ಹಾಕಿ ನೆಲಾ ನೋಡಾಕತ್ತಿದ್ರು. ಹೊಟ್ಟಿಯಿಂದ ಉಸಿರು ತಗೊಂಡು ಅವರ ಹೆಸರು, ಅವರಪ್ಪನ ಹೆಸರು, ಅಡ್ಡಹೆಸರು, ಮೂರೂ ಹೇಳಿದೆ. ಒಡಪಿಲ್ಲ, ಏನಿಲ್ಲ. ಹೆಂಗಸರ ಸಾಲಿನ್ಯಾಗ ಯಾರೋ "ಯವ್ವಾ" ಅಂದ್ರು.

ಮನಿಯವರು ತಾವ ಎದ್ದು ನಿಂತ್ರು. ಟೊಪಗಿ ಕೈಯಾಗಿತ್ತು.

"ಬಸ್ ಬಿಟ್ರೆ ಮಗಳನ್ನ ಕಳಿಸ್ತೀರಾ?" ಕೇಳಿದ್ರು ಸಾಹೇಬರು.

"ಕಳಸ್ತೀನ್ರಿ."

"ಹದಿನೈದು ದಿನದಲ್ಲಿ ನೋಡ್ತೀನಿ" ಅಂತ ಸಾಹೇಬರು ಬರಕೊಂಡ್ರು. ಹದಿನೈದು ದಿನ. ಸೋಮವಾರಕ್ಕ ಎರಡ ದಿನ ಇದ್ವು.

ವಾಪಸ್ ಬರೂವಾಗ ಬಸ್ಸಿನ್ಯಾಗ ಟಿಕೋಟಾ ತನಕಾ ಅವರು ಟೊಪಗಿ ಕೈಯಾಗ ತಿರುವಿಕೋತ ಕುಂತಿದ್ರು. ಮನಿಗೆ ಹೋದ ಮ್ಯಾಲೆ ಏನು ಕಾದೈತೋ ಅಂತ ನಾ ಅವರ ಮುಖಾನ ನೋಡಾಕತ್ತಿದ್ದೆ.

"ಅಷ್ಟು ಮಂದ್ಯಾಗ ಹೇಳಬೇಕಾಗಿತ್ತೇನು?" ಅಂದ್ರು ಕಡೀಕ.

"ಮನ್ಯಾಗ ಹೇಳಿದ್ದು ನಿಮಗ ಕೇಳಸ್ಲಿಲ್ಲ" ಅಂದೆ.

ಕಿಡಕಿ ಕಡೆ ಮುಖ ಹೊಳ್ಳಿಸಿ ಏನೋ ಗುನಗಿದ್ರು. ಬಸ್ಸು ಬರೂತನಾ ದಿನಾ ಸಂಜಿಕ ತಾವ ಗಾಡಿ ಮ್ಯಾಲೆ ಹೋಗಿ ಮಗಳನ್ನ ಕರಕೊಂಡು ಬರ್ತೀನಿ ಅಂದಂಗಾತು.

"ಇನ್ನೊಮ್ಮೆ ಹೇಳ್ರಿ" ಅಂದೆ. "ಜೋರಾಗಿ."