ಟಿರಿಲ್ ತಪ್ಪು ಎಣಿಸಿಲ್ಲ ಎಂದ ಓಡ್ನಿ

ಓಡ್ನಿಯ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ನಮ್ಮ ಸ್ಕಾರ್ವಿಕದಲ್ಲಿ ಅವಳ ಬಗ್ಗೆ ಒಳ್ಳೆಯ ಮಾತು ಆಡುವವರು ಈಗ ಕಡಿಮೆ, ಅದಕ್ಕೆ. ಅವಳು ಮಾಡಿದ್ದು ಇಷ್ಟೇ: ಒಂದು ಮಗು ಸರಿಯಾಗಿ ಎಳೆದ ಗೆರೆಯನ್ನು ತಪ್ಪು ಅನ್ನಲಿಲ್ಲ. ಅಂದಿದ್ದರೆ ನಮ್ಮೂರ ಶಾಲೆ ಇನ್ನಷ್ಟು ಕಾಲ ಉಳಿಯುತ್ತಿತ್ತೇನೋ. ಅದು ಅವಳಿಗೂ ಗೊತ್ತಿತ್ತು.

ನಾನು ಅದೇ ಶಾಲೆಯಲ್ಲಿ ಬೀಗ, ಬಾಯ್ಲರು, ಅಂಗಳದ ಹಿಮ ನೋಡಿಕೊಳ್ಳುತ್ತಿದ್ದವನು. ಹೆಚ್ಚು ಓದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಸ್ಕಾರ್ವಿಕ ನಾರ್ವೆಯ ಪಶ್ಚಿಮ ಕರಾವಳಿಯ ಊರು. ಇಲ್ಲಿ ಸಮತಟ್ಟಾದ ಜಾಗ ಅಂದರೆ ಶಾಲೆಯ ಅಂಗಳ ಒಂದೇ. ಮಿಕ್ಕಿದ್ದೆಲ್ಲ ಒಂದೋ ಬೆಟ್ಟಕ್ಕೆ ಹತ್ತುತ್ತದೆ, ಇಲ್ಲವೇ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿಗೆ, ನಮ್ಮ ಫಿಯೋರ್ಡಿಗೆ, ಇಳಿಯುತ್ತದೆ. ಓಡ್ನಿ ಇಲ್ಲಿಯ ದೋಣಿಗಾರನ ಮಗಳು. ಪಟ್ಟಣಕ್ಕೆ ಹೋಗಿ ಓದಿ, ವಾಪಸ್ಸು ಬಂದು ಇದೇ ಶಾಲೆಯಲ್ಲಿ ಗಣಿತದ ಟೀಚರ್ ಆದಳು. ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ದಿನಾ ಇಷ್ಟು ಮಕ್ಕಳನ್ನ ಸಾಕ್ತೀನಿ, ಸಾಲ್ದಾ?" ಅನ್ನುತ್ತಿದ್ದಳು.

ದೊಡ್ಡ ತರಗತಿಯ ಮಕ್ಕಳಿಗೆ ಗ್ರಾಫು, ಇಳಿಜಾರು ಅಂದರೆ ಜ್ವರ ಬರುತ್ತಿತ್ತು. ಓಡ್ನಿ ಪುಸ್ತಕ ಮುಚ್ಚಿಸಿ ಅವರನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದಳು. ನಮ್ಮಲ್ಲಿ ಕೊಟ್ಟಿಗೆಯ ಅಟ್ಟಕ್ಕೆ ಹುಲ್ಲಿನ ಗಾಡಿ ಹತ್ತಿಸಲು ಕಲ್ಲಿನ ಏರುದಾರಿ ಕಟ್ಟಿರುತ್ತಾರೆ. ಯಾರ ಮನೆಯ ಏರು ಹೆಚ್ಚು ಕಡಿದು ಅಂತ ಅಳೆಯುವುದು ಮೊದಲ ಪಾಠ. ಮಕ್ಕಳು ಹಲಗೆ, ಟೇಪು, ಮಟ್ಟಗೋಲು ಹೊತ್ತುಕೊಂಡು ಮನೆಮನೆ ತಿರುಗುತ್ತಿದ್ದರು.

"ಎಷ್ಟು ಮೇಲಕ್ಕೆ ಹತ್ತಿದ್ರಿ? ಎಷ್ಟು ಮುಂದಕ್ಕೆ ಹೋದ್ರಿ? ಹತ್ತಿದ್ದನ್ನ ಮುಂದೆ ಹೋಗಿದ್ದರಿಂದ ಭಾಗ್ಸಿ. ಅಷ್ಟೇ ಇಳಿಜಾರು. ಹೆದರೋಕೆ ಅದೇನು ಕರಡಿನಾ?" ಅನ್ನುವಳು ಓಡ್ನಿ.

ಹಾಲ್ವಾರ್ ಅನ್ನುವ ಮುದುಕ ಒಮ್ಮೆ ಅವಳ ಜೊತೆ ಜಗಳಕ್ಕೇ ಬಂದ. "ನಮ್ಮಪ್ಪ ಕಟ್ಟಿದ್ದು ಕಣೇ ಇದು! ಇದಕ್ಕಿಂತ ಕಡಿದಾದ ಏರು ಈ ದಡದಲ್ಲೇ ಇಲ್ಲ. ಇನ್ನೊಂದ್ಸಲ ಅಳೀರಿ."

"ಅಳೆದು ಅಳೆದು ಮಕ್ಕಳಿಗೆ ಸುಸ್ತಾಯ್ತು ಹಾಲ್ವಾರ್. ನಿನ್ನ ತಮ್ಮನ ಮನೇದೇ ಕಡಿದು."

ತಮ್ಮನ ಜೊತೆ ಅವನು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಂಬದೆ ತಾನೇ ಟೇಪು ಹಿಡಿದು ಅಳೆಯಲು ಹೋದ. ಸೋತು, ಅಲ್ಲೇ ಕಾಫಿ ಕುಡಿದು ಬಂದ.

ಇನ್ನೊಂದು ಆಟ. ಒಂದು ಮಗು ಗೋಡೆಯಿಂದ ದೂರಕ್ಕೆ ನಡೆಯಬೇಕು, ನಿಲ್ಲಬೇಕು, ಹಿಂದೆ ಬರಬೇಕು. ಉಳಿದವರು ಆ ನಡಿಗೆಯ ಗೆರೆ ಬರೆಯಬೇಕು. ಜೋರಾಗಿ ನಡೆದರೆ ಗೆರೆ ಕಡಿದು. ನಿಂತರೆ ಮಟ್ಟ. ಹಿಂದೆ ಬಂದರೆ ಇಳಿತ.

"ಓಡ್ನಿ, ಕಾಫಿ ಆಯ್ತು ಅಂದ ಕೂಡ್ಲೇ ನೀನು ಹೋಗ್ತೀಯಲ್ಲ, ಆ ಗೆರೆ ಕಂಬದ ಥರ ನೆಟ್ಟಗಿರುತ್ತೆ!" ಅಂದಳು ಟಿರಿಲ್. ನಮ್ಮೂರ ಅಂಗಡಿಯ ಎಂಡ್ರೆಯ ಮಗಳು ಅವಳು. ಬಾಯಿ ಜೋರು.

"ನೆಟ್ಟಗಿರಬೇಕಾದ್ರೆ ಒಂದು ಚೂರೂ ಹೊತ್ತು ಹಿಡೀದೆ ಅಲ್ಲಿ ಇರ್ಬೇಕು. ಅಷ್ಟು ಜೋರಾಗಿ ಓಡೋಕೆ ನನ್ನ ಮಂಡಿ ಬಿಡಲ್ಲ ಮಾರಾಯ್ತಿ." ತರಗತಿಯೆಲ್ಲ ನಕ್ಕಿತು. ಆದರೆ ಆ ಪಾಠವನ್ನು ಅವರು ಮರೆಯಲಿಲ್ಲ.

ಚಳಿಗಾಲದಲ್ಲಿ ಮೇಣದಬತ್ತಿ ಹಚ್ಚಿಟ್ಟು, ಅದು ಕರಗಿದಂತೆ ಎತ್ತರ ಅಳೆಸುತ್ತಿದ್ದಳು. ಇಳಿಯುವ ಗೆರೆ ಕಲಿಸಲು. ಕೆಲವು ಮಕ್ಕಳಿಗೆ ಇಳಿಯುವ ಗೆರೆ ಅಂದರೆ ಬೇಸರ, ಅದನ್ನು ಬಾಗಿಸಿ ಮೇಲಕ್ಕೆ ಎತ್ತಿಬಿಡುತ್ತಿದ್ದವು. "ಬತ್ತಿ ಕರಗ್ತಿದೆ, ನೀನು ಬೆಳೆಸ್ತಿದ್ದೀಯಲ್ಲೋ. ಇರೋದನ್ನ ಬರಿ," ಅನ್ನುವಳು. ಅಷ್ಟೇ ಗದರಿಕೆ.

ಒಂದು ವಸಂತದಲ್ಲಿ ಊರವರೆಲ್ಲ ಕೂಲಿಯಿಲ್ಲದೆ ಸೇರಿ ಶಾಲೆ ಸ್ವಚ್ಛ ಮಾಡುವ ದಿನ ಬಂತು. ಅವತ್ತು ನಾನೂ ಅವಳೂ ಎಂಡ್ರೆಯೂ ಅಂಗಳದ ಡಾಂಬರಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ಚೌಕುಳಿ ಬರೆದೆವು. ಇನ್ನು ಮುಂದೆ ಮಕ್ಕಳೇ ಚುಕ್ಕೆ, ಹಗ್ಗವೇ ಗೆರೆ. ಎಂಡ್ರೆ ಬಣ್ಣವನ್ನು ಅಂಗಡಿಯಿಂದ ಸುಮ್ಮನೆ ಕೊಟ್ಟ. "ನನ್ನ ಮಗಳು ಗಣಿತ ಕಲಿತ್ರೆ ನನ್ನ ಅಂಗಡಿ ನೋಡ್ಕೋತಾಳೆ," ಅಂದ. ಆಗ ಅವರಿಬ್ಬರೂ ಒಳ್ಳೆಯ ಸ್ನೇಹಿತರು.

ಟಿರಿಲ್ ಒಂಬತ್ತನೇ ತರಗತಿಗೆ ಬಂದ ವರ್ಷ ಓಡ್ನಿ ಹೇಳಿದಳು: "ನಮ್ಮೂರಲ್ಲಿ ಎಣಿಸೋಕೆ ಆಗೋ ಏನನ್ನಾದ್ರೂ ಒಂದು ಆರಿಸ್ಕೊಳ್ಳಿ. ವರ್ಷ ವರ್ಷ ಹೇಗೆ ಬದಲಾಯ್ತು ಅಂತ ಗೆರೆ ಎಳೀರಿ." ಒಬ್ಬ ದೋಣಿಗಳನ್ನು ಆರಿಸಿಕೊಂಡ. ಇನ್ನೊಬ್ಬ ಕುರಿಗಳನ್ನು. ಟಿರಿಲ್ ಶಾಲೆಯ ಮಕ್ಕಳನ್ನೇ ಆರಿಸಿಕೊಂಡಳು. ಪ್ರತಿ ವರ್ಷ ಮೆಟ್ಟಿಲ ಮೇಲೆ ಎಲ್ಲ ಮಕ್ಕಳನ್ನೂ ನಿಲ್ಲಿಸಿ ತೆಗೆದ ಫೋಟೋ ನಮ್ಮ ಪಡಸಾಲೆಯ ಗೋಡೆ ತುಂಬ ಇತ್ತು. ಅವಳು ಕುರ್ಚಿ ಹತ್ತಿ ಒಂದೊಂದೇ ತಲೆ ಎಣಿಸಿದಳು.

ಆಮೇಲೆ ಅಂಗಳಕ್ಕೆ ಬಂದೆವು. ಒಂದೊಂದು ವರ್ಷಕ್ಕೆ ಒಂದೊಂದು ಮಗು ತನ್ನ ಚೌಕದಲ್ಲಿ ನಿಂತಿತು. ಟಿರಿಲ್ ಹಗ್ಗದ ಒಂದು ತುದಿ ಹಿಡಿದಳು, ಇನ್ನೊಂದು ತುದಿ ನನ್ನ ಕೈಯಲ್ಲಿ. ಮಕ್ಕಳ ಕಾಲುಗಳ ನಡುವೆ ಹಾಯುವಂತೆ ಎಳೆದೆವು. ಕೊನೆಯ ಮಗುವನ್ನು ದಾಟಿ, ಮುಂದಿನ ವರ್ಷಗಳ ಚೌಕಗಳಿಗೂ ನೆಟ್ಟಗೆ ಎಳೆದಾಗ ಹಗ್ಗ ಇಳಿಯುತ್ತಾ ಇಳಿಯುತ್ತಾ ಹೋಗಿ, ಸೈಕಲ್ ನಿಲ್ಲಿಸುವ ಕಡೆ ಕೆಳಗಿನ ಬಿಳಿ ಗೆರೆಗೆ ಮುಟ್ಟಿತು. ಆ ಗೆರೆ ಅಂದರೆ ಸೊನ್ನೆ. ಅಲ್ಲಿ ಯಾರೂ ಇರಲಿಲ್ಲ.

ಒಂದನೇ ತರಗತಿಯ ಸಿವ್ ಕೇಳಿದಳು. "ಇಲ್ಲಿ ಯಾರು ನಿಂತ್ಕೋಬೇಕು?"



"ಅಲ್ಲಿ ಯಾರೂ ನಿಲ್ಬೇಕಾಗಿಲ್ಲ ಸಿವ್," ಅಂದಳು ಓಡ್ನಿ. "ಬಾ, ಒಳಗೆ ಹೋಗೋಣ. ಚಳಿ."

ಟಿರಿಲ್ ಹಗ್ಗ ಸುತ್ತುತ್ತಾ ಹಿಂದೆಯೇ ಉಳಿದಳು. "ಓಡ್ನಿ, ನಾನು ಇದನ್ನ ಆರಿಸ್ಕೋಬಾರ್ದಿತ್ತಾ?"

"ಎಣಿಕೆ ಸರಿ ಇದ್ಯಾ?"

"ಎರಡೆರಡು ಸಲ ಎಣಿಸ್ದೆ."

"ಹಾಗಾದ್ರೆ ಚೆನ್ನಾಗಿ ಬರ್ದು ಗೋಡೆಗೆ ಹಾಕು."

ಅಲ್ಲೇ ಅವಳು ಎಡವಿದಳು ಅಂತ ಊರವರು ಈಗಲೂ ಹೇಳುತ್ತಾರೆ. ಅಪ್ಪ ಅಮ್ಮಂದಿರನ್ನು ಕರೆದು ಮಕ್ಕಳ ಕೆಲಸ ತೋರಿಸುವ ಸಂಜೆ, ಎಲ್ಲರೂ ವಾಫಲ್ ತಿನ್ನುತ್ತಾ ಚಿತ್ರಗಳನ್ನು ನೋಡಿದರು. ಕುರಿಯ ಗೆರೆಯ ಮುಂದೆ ನಕ್ಕರು. ಟಿರಿಲಳ ಗೆರೆಯ ಮುಂದೆ ಸುಮ್ಮನಾದರು. ಪುರಸಭೆಯಿಂದ ಬಂದಿದ್ದ ಶಿಕ್ಷಣಾಧಿಕಾರಿ ಹೆಂಗಸೊಬ್ಬಳು, "ಎಷ್ಟು ಚೆನ್ನಾಗಿ ಬರ್ದಿದ್ದಾಳೆ!" ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಕೆಟ್ಟ ಮನಸ್ಸಿನಿಂದ ತೆಗೆದಳು ಅಂತ ನನಗೆ ಅನಿಸುವುದಿಲ್ಲ.

ಅದೇ ವರ್ಷದ ಚಳಿಗಾಲದಲ್ಲಿ ಪುರಸಭೆಯ ವರದಿ ಬಂತು. ಸ್ಕಾರ್ವಿಕದ ಶಾಲೆ ಮುಚ್ಚಿ, ಮಕ್ಕಳನ್ನು ಬಸ್ಸಿನಲ್ಲಿ ಸುರಂಗದಾಚೆಯ ದೊಡ್ಡ ಶಾಲೆಗೆ ಕಳಿಸುವ ಪ್ರಸ್ತಾಪ. ಒಳಗೆ ಟಿರಿಲಳ ಚಿತ್ರ ಅಚ್ಚಾಗಿತ್ತು. ಅವಳ ಹೆಸರಿನ ಸಮೇತ. ಊರವರ ಮಾತು ಕೇಳಲು ಪುರಸಭೆ ಒಂದು ಸಭೆಯನ್ನೂ ಕರೆಯಿತು.

ಶಾಲೆ ಹೋದರೆ ಊರಿಗೆ ಹೊಸ ಸಂಸಾರ ಬರುವುದಿಲ್ಲ. ಸಂಸಾರ ಬರದಿದ್ದರೆ ಅಂಗಡಿ ನಡೆಯುವುದಿಲ್ಲ. ಎಂಡ್ರೆಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಮೊಳೆ ತರಲು ಅಂಗಡಿಗೆ ಹೋದ ದಿನ ಅವನು ಓಡ್ನಿಯನ್ನು ತಡೆದು ನಿಲ್ಲಿಸಿದ್ದ.

"ಹಳೇದೆಲ್ಲ ಬಿಟ್ಹಾಕು. ಕಳೆದ ಮೂರು ವರ್ಷ ಮಾತ್ರ ತಗೋ. ಮೀನಿನ ಸಾಕಣೆ ಕೆಲ್ಸಕ್ಕೆ ಆ ಲಿಥುವೇನಿಯಾದವ್ರು ನಾಲ್ಕು ಮಕ್ಕಳನ್ನ ಕರ್ಕೊಂಡು ಬಂದ್ರಲ್ಲ. ಆ ಮೂರು ಚುಕ್ಕೆ ಸೇರಿಸಿದ್ರೆ ಗೆರೆ ಮೇಲಕ್ಕೆ ಹೋಗುತ್ತೆ. ಸುಳ್ಳೇನಲ್ವಲ್ಲ?"

"ಚುಕ್ಕೆ ಸುಳ್ಳಲ್ಲ ಎಂಡ್ರೆ. ಗೆರೆ ಸುಳ್ಳು."

"ಸಾಯ್ತಾ ಇರೋನ ಮುಂದೆ ನಿಂತು ಜ್ವರ ಎಷ್ಟು ಅಂತ ಓದಿ ಹೇಳ್ತಾರೇನೇ?"

ಓಡ್ನಿ ಚೀಸಿನ ದುಡ್ಡು ಎಣಿಸಿ ಮೇಜಿನ ಮೇಲಿಟ್ಟಳು. "ಸಭೆಯಲ್ಲಿ ನಾನು ಬಾಯಿ ಬಿಡಲ್ಲ. ಅಷ್ಟು ಮಾಡ್ತೀನಿ," ಅಂದಳು. ಅವಳಿಗೂ ಆ ಶಾಲೆಯೇ ಜೀವ. ಅದು ಬಿಟ್ಟರೆ ಅವಳಿಗೆ ಇನ್ನೇನಿತ್ತು? ಕಂದು ಚೀಸಿನ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಹೋದಳು.

ಸಭೆ ಶಾಲೆಯ ಆಟದ ಹಾಲಿನಲ್ಲಿ ನಡೆಯಿತು. ಊರಿಗೆ ಊರೇ ಬಂದಿತ್ತು. ಮಕ್ಕಳು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಪುರಸಭೆಯ ಸದಸ್ಯರಲ್ಲಿ ಕೆಲವರು ಇನ್ನೂ ಮನಸ್ಸು ಮಾಡಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಎಂಡ್ರೆ ತನ್ನ ಮೂರು ಚುಕ್ಕೆಯ ಹಾಳೆಯನ್ನು ಗೋಡೆಗೆ ಅಂಟಿಸಿದ. ಚೆನ್ನಾಗಿಯೇ ಮಾತಾಡಿದ. ಜನ ಚಪ್ಪಾಳೆ ತಟ್ಟಿದರು.

ಅವತ್ತು ಫೋಟೋ ತೆಗೆದಿದ್ದ ಅದೇ ಅಧಿಕಾರಿ ಕೇಳಿದಳು. "ಆದ್ರೆ ಮಕ್ಕಳು ಮಾಡಿರೋ ಚಿತ್ರ ಬೇರೇನೇ ಹೇಳುತ್ತಲ್ಲ?"

"ಅದು ನನ್ನ ಮಗಳು ಬರ್ದಿದ್ದು," ಅಂದ ಎಂಡ್ರೆ. "ಎಣಿಕೆ ತಪ್ಪಿದಾಳೆ. ಹಳೇ ಫೋಟೋದಲ್ಲಿ ಯಾರು ಮಗು, ಯಾರು ಟೀಚರ್ ಅಂತ ಅವಳಿಗೇನು ಗೊತ್ತು? ನಮ್ಮ ಹಾಲ್ವಾರನನ್ನೂ ಸೇರಿಸಿ ಎಣಿಸಿರ್ತಾಳೆ!"

ಜನ ನಕ್ಕರು. ಟಿರಿಲಳ ಮುಖ ಕಿವಿಯವರೆಗೂ ಕೆಂಪಾಯಿತು. "ಅಪ್ಪಾ, ನಾನು ಎರಡೆರಡು ಸಲ…"

"ನೀನು ಸುಮ್ನಿರು ಪುಟ್ಟಿ."

ಅವಳು ತಲೆ ತಗ್ಗಿಸಿದಳು. ಅಳುವ ಹುಡುಗಿ ಅಲ್ಲ ಅವಳು. ಎರಡೂ ಕೈಯಲ್ಲಿ ಬೆಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅಧಿಕಾರಿ ಓಡ್ನಿಯ ಕಡೆ ತಿರುಗಿದಳು. "ಓಡ್ನಿ, ನೀನು ಟೀಚರ್. ಹುಡುಗಿ ತಪ್ಪು ಮಾಡಿದಾಳಾ?"

ಓಡ್ನಿ ಕೂತಿದ್ದು ನನ್ನ ಪಕ್ಕದಲ್ಲೇ. ಅವಳು ಎಂಡ್ರೆಯನ್ನು ನೋಡಿದಳು. ಎಂಡ್ರೆ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಆಮೇಲೆ ಬೆಂಚಿನ ಕಡೆ ನೋಡಿದಳು. ಎದ್ದು ನಿಂತಳು.

"ಟಿರಿಲ್ ತಪ್ಪು ಎಣಿಸಿಲ್ಲ. ನಾನೂ ಎಣಿಸಿ ನೋಡಿದೀನಿ. ಅವಳ ಚಿತ್ರ ಸರಿಯಾಗಿದೆ."

ಹಾಲಿನಲ್ಲಿ ಗದ್ದಲ ಎದ್ದಿತು. ಓಡ್ನಿ ಕೂರಲಿಲ್ಲ. "ಆದ್ರೆ ಆ ಗೆರೆ ಇಲ್ಲೀವರೆಗೆ ಆಗಿದ್ದನ್ನ ಹೇಳುತ್ತೆ ಅಷ್ಟೇ. ಮುಂದೆ ಹೀಗೇ ಆಗ್ಬೇಕು ಅಂತ ಯಾವ ಗೆರೆನೂ ಹೇಳಲ್ಲ. ಅದನ್ನ ಬಗ್ಸೋದು ನಿಮ್ಮ ಕೈಲಿದೆ. ಶಾಲೆ ಇಟ್ಕೊಂಡು, ಮನೆ ಕಟ್ಟೋರಿಗೆ ಜಾಗ ಕೊಟ್ಟು ನೋಡಿ…" ಕುರ್ಚಿಗಳ ಸದ್ದಿನಲ್ಲಿ ಉಳಿದದ್ದು ಯಾರಿಗೂ ಕೇಳಿಸಲಿಲ್ಲ. ಹಿಂದಿನಿಂದ ಯಾರೋ ಕೂಗಿದರು. "ಸಾಕು ಕೂತ್ಕೋ ಓಡ್ನಿ! ಮುಗಿಸಿಬಿಟ್ಯಲ್ಲ!"

ಪುರಸಭೆಯಲ್ಲಿ ಮತಕ್ಕೆ ಹಾಕಿದಾಗ ಸ್ವಲ್ಪದರಲ್ಲೇ ಸೋತೆವು. ನಿರ್ಧಾರದ ಪತ್ರದಲ್ಲಿ, ಚಿತ್ರ ಸರಿಯಿದೆ ಎಂದು ಶಾಲೆಯ ಶಿಕ್ಷಕಿಯೇ ಒಪ್ಪಿದ್ದಾರೆ ಅಂತ ಬರೆದಿದ್ದರು. ಅವಳ ಎರಡನೆಯ ಮಾತು ಅದರಲ್ಲಿ ಇರಲಿಲ್ಲ.

ಬೇಸಿಗೆ ರಜಕ್ಕೆ ಶಾಲೆ ಮುಚ್ಚಿತು. ಬಾಯ್ಲರು ಆರಿಸಿದವನು ನಾನೇ. ಲಿಥುವೇನಿಯಾದವರು ಅದೇ ವರ್ಷ ಸುರಂಗದಾಚೆ ಮನೆ ಮಾಡಿದರು. ಮಕ್ಕಳಿದ್ದ ಉಳಿದ ಸಂಸಾರಗಳೂ ಒಂದೊಂದಾಗಿ ಹೋದವು, ಟಿರಿಲಳ ಗೆರೆ ಹೇಳಿದ್ದಕ್ಕಿಂತ ಬೇಗ. ಎಂಡ್ರೆಯ ಅಂಗಡಿ ಈಗ ಮಧ್ಯಾಹ್ನದವರೆಗೆ ಮಾತ್ರ ತೆಗೆದಿರುತ್ತದೆ. ಓಡ್ನಿ ಹೋದರೆ ಅವನು ಸಾಮಾನು ಕೊಡುತ್ತಾನೆ, ಚಿಲ್ಲರೆ ಕೊಡುತ್ತಾನೆ. ಹವೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ದೊಡ್ಡ ಶಾಲೆಯಲ್ಲಿ ಅವಳಿಗೆ ಕೆಲಸ ಕೊಟ್ಟರು. ಒಂದು ಚಳಿಗಾಲ ಹೋಗಿ ಬಿಟ್ಟುಬಿಟ್ಟಳು. ಮಕ್ಕಳ ಬಸ್ಸು ಅವಳ ಮನೆಯ ಕೆಳಗೇ ಹೋಗುತ್ತಿತ್ತು. ಟಿರಿಲ್ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಆಮೇಲೆ ಅವಳು ಮುಂದಿನ ಓದಿಗೆಂದು ಪಟ್ಟಣದಲ್ಲಿ ಕೋಣೆ ಹಿಡಿದಳು. ಊರಿಗೆ ಬರುವುದು ಕಡಿಮೆ. ಬಂದರೂ ಅಪ್ಪನ ಮನೆಯಿಂದ ಓಡ್ನಿಯ ಮನೆಗೆ ಹತ್ತಿ ಬರುವುದು ಅವಳಿಗೂ ಕಷ್ಟವೇನೋ.

ಮೇ ಹದಿನೇಳು ನಮ್ಮ ದೇಶದ ಹಬ್ಬ. ಅವತ್ತು ಊಟಕ್ಕೆ ಯಾರು ಯಾವ ಕೇಕು ತರಬೇಕು ಅಂತ ಊರಲ್ಲಿ ಮೊದಲೇ ಮಾತಾಡಿಕೊಳ್ಳುತ್ತಾರೆ. ಶಾಲೆ ಮುಚ್ಚಿದ ಮೇಲೆ ಓಡ್ನಿಗೆ ಯಾರೂ ಹೇಳಿಕಳಿಸಲಿಲ್ಲ. ಅವಳು ಬಾದಾಮಿಯ ಕೇಕು ಮಾಡಿಟ್ಟುಕೊಂಡು, ಹಬ್ಬದ ಬಟ್ಟೆ ಉಟ್ಟು, ಅಡುಗೆಮನೆಯಲ್ಲಿ ಕೂತಿದ್ದಳು. ನಾನು ಹೋದೆ. ಇಬ್ಬರೂ ತಿಂದೆವು.

"ಅವತ್ತು ಹಾಗೆ ಅಂದಿದ್ದಕ್ಕೆ ಬೇಜಾರಿದ್ಯಾ ಓಡ್ನಿ?" ಅಂತ ಕೇಳಿದೆ.

"ದಿನಾ," ಅಂದಳು. ಕೇಕು ಕತ್ತರಿಸುತ್ತಾ, "ಬಾಯಿ ಬಿಡಬಾರ್ದು ಅಂತಾನೇ ಹೋಗಿದ್ದೆ. ಆ ಹುಡುಗಿ ಮುಖ ನೋಡ್ದೆ. ಆಮೇಲೆ ಇನ್ನೇನು ಹೇಳ್ಲಿ?" ಅಂದಳು. ಇನ್ನೊಂದು ತುಂಡು ಕೇಕು ನನ್ನ ತಟ್ಟೆಗೆ ಹಾಕಿದಳು.

ಅವಳು ಈಗಲೂ ಇಲ್ಲೇ ಇದ್ದಾಳೆ. ಹಳೆಯ ದೋಣಿಕಟ್ಟೆಯ ಮೇಲಿನ ಹಳದಿ ಮನೆ. ಗಂಟೆ ಕೆಟ್ಟಿದೆ, ಬಾಗಿಲು ಜೋರಾಗಿ ತಟ್ಟಬೇಕು. ನೀವು ಈ ಕಡೆ ಬಂದರೆ ದಯವಿಟ್ಟು ಹತ್ತಿ ಹೋಗಿ. ಶಾಲೆಯ ಮಾತು ನೀವಾಗಿ ಎತ್ತಬೇಡಿ. ಸುಮ್ಮನೆ ಕೂತು, ಇವತ್ತು ಗಾಳಿ ಜಾಸ್ತಿ ಇದೆ ಅಂತಲೋ, ಬಿಸಿಲು ಬರಬಹುದು ಅಂತಲೋ ಮಾತಾಡಿ. ಅಷ್ಟು ಮಾತಾಡುವವರು ಬೇಕಾಗಿದ್ದಾರೆ ಅವಳಿಗೆ.