ದಾರಿ ತಪ್ಪಿದ ಏಳನೇ ನಂಬರು

ನಮ್ಮ ಬಸ್ ಡಿಪೋದ ಮೇಲಿನ ಕೋಣೆಯಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತೇವೆ. ಬಸ್ಸುಗಳು ಓಡಿದ ಜಾಡನ್ನು ಕಂಪ್ಯೂಟರಿನ ನಕ್ಷೆಯಲ್ಲಿ ಗೆರೆಯಾಗಿ ಮೂಡಿಸುವುದು ಅವಳ ಕೆಲಸ. ನಿಗದಿತ ದಾರಿ ನೀಲಿ, ಅದನ್ನು ಬಿಟ್ಟು ಹೋದದ್ದು ಕೆಂಪು. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ.

ಹೋದ ವರ್ಷ ಏಳನೇ ನಂಬರಿನ ಗೆರೆ ದಿನವೂ ಬೆಳಿಗ್ಗೆ ಮುಖ್ಯರಸ್ತೆ ಬಿಟ್ಟು ಹಿಂದಿನ ಓಣಿಯಲ್ಲಿ ಕೆಂಪಾಗತೊಡಗಿತು. ಗೆರೆಯಕ್ಕ ವಾಡಿಕೆಯಂತೆ ಡ್ರೈವರನ ಮನೆಗೆ ನೋಟಿಸು ಕಳಿಸಿದಳು: 'ಮೂರು ತಿಂಗಳಿಂದ ನೀವು ಹಿಂದಿನ ಓಣಿಗೆ ಹೋಗಿ ದಾರಿ ತಪ್ಪಿದ್ದೀರಿ. ಸರಿಯಾದ ಕಾರಣ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು.'

ಅದು ಅವನ ಹೆಂಡತಿಯ ಕೈಗೆ ಸಿಕ್ಕಿತು. ಮರುದಿನವೇ ಆಕೆ ಮೆಟ್ಟಿಲೇರಿ ಬಂದಳು.

"ಆ ಓಣೀಲಿ ಇರೋಳು ಯಾರು? ಹೆಸರು ಬೇಡ, ಮನೆ ತೋರಿಸಿ ಸಾಕು."

ನಾವೆಲ್ಲ ಫೈಲು ಅಡ್ಡ ಹಿಡಿದು ನಕ್ಕೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಗೆರೆಯಕ್ಕ ನಗಲಿಲ್ಲ.

"ನಂಗೂ ಗೊತ್ತಿಲ್ಲ. ಕೂತ್ಕೊಳ್ಳಿ, ನೋಡೋಣ."

ಟಿಕೆಟು ಕೊಟ್ಟ ಜಾಗಗಳನ್ನು ಅದೇ ನಕ್ಷೆಯ ಮೇಲೆ ಚುಕ್ಕಿಯಾಗಿ ಹಾಕಿದಳು. ಮೇಲ್ಸೇತುವೆ ಕೆಲಸಕ್ಕೆ ಬೇಲಿ ಹಾಕಿದಂದಿನಿಂದ ಮುಖ್ಯರಸ್ತೆಯ ನಿಲ್ದಾಣದಲ್ಲಿ ಒಂದೂ ಚುಕ್ಕಿ ಇಲ್ಲ. ಓಣಿಯಲ್ಲಿ ದಿನಕ್ಕೆ ಹದಿನಾಲ್ಕು, ಎಲ್ಲವೂ ಕಿಡ್ನಿ ಆಸ್ಪತ್ರೆಗೆ ಹೋಗುವ ಟಿಕೆಟು. ಬಸ್ಸು ಅಲ್ಲಿ ನಾಲ್ಕು ನಿಮಿಷ ನಿಲ್ಲುತ್ತಿತ್ತು.

ಹೆಂಡತಿ ಬೆರಳಿಟ್ಟು ಎಣಿಸಿದಳು. "ಮನೇಲಿ ತುಟಿ ಪಿಟಕ್ ಅಂದಿಲ್ಲ ನೋಡಿ, ಈ ಆಸಾಮಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗೆರೆಯಕ್ಕ ನೋಟಿಸು ಹಿಂತೆಗೆದುಕೊಂಡು, ತಪ್ಪು ತನ್ನದೆಂದು ಬರೆದು, ನಕ್ಷೆ ಲಗತ್ತಿಸಿದಳು. ಮ್ಯಾನೇಜರು ಹಾವೂ ಸಾಯದ, ಕೋಲೂ ಮುರಿಯದ ತೀರ್ಪು ಕೊಟ್ಟರು. ಓಣಿಯ ದಾರಿಗೆ ಮಂಜೂರಾತಿ ಸಿಕ್ಕಿತು. ಡ್ರೈವರನ ಕೆಲಸ ಉಳಿಯಿತು, ಆದರೆ ಕೇಳದೆ ಬಸ್ಸು ತಿರುಗಿಸಿದ್ದಕ್ಕೆ ಅವನನ್ನು ಬೇರೆ ನಂಬರಿಗೆ ಹಾಕಿದರು. ಹೊಸ ವೇಳಾಪಟ್ಟಿಯನ್ನು ಗೆರೆಯಕ್ಕನೇ ಮಾಡಿದಳು, ನಿಯಮದಂತೆ ನಿಲ್ದಾಣಕ್ಕೆ ನಲವತ್ತು ಸೆಕೆಂಡು.

ವಾರ ಕಳೆದು ನಕ್ಷೆ ತೆರೆದಳು. ಗೆರೆ ಅಪ್ಪಟ ನೀಲಿ. ಓಣಿಯಲ್ಲಿ ಚುಕ್ಕಿ ಒಂಬತ್ತೇ.

"ಚೆನ್ನಾಗಿದೆಯಲ್ಲಕ್ಕ, ಎಲ್ಲಾ ನೀಲಿ" ಎಂದೆ.

"ಇನ್ನೈದು ಜನ ನಲವತ್ತು ಸೆಕೆಂಡಲ್ಲಿ ಹತ್ತೋಕಾಗ್ದೋರು" ಎಂದಳು. "ಅವ್ರು ಈಗ ಹೇಗ್ ಹೋಗ್ತಿದಾರೋ, ಈ ನಕ್ಷೇಲಿ ಕಾಣಲ್ಲ."

ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಓಣಿಯ ಕಡೆ ಹೋದಳು. ಕಂಪ್ಯೂಟರನ್ನು ನಾನೇ ಆರಿಸಿದೆ.